ಸಾಂಕ್ಟ್ ಆಂಟನ್: ಛತ್ರದಿಂದ ಸ್ಕೀ ಊರಿನವರೆಗೆ

ಯುರೋಪಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಚಳಿಗಾಲದ ರಜೆಗೆ ಆಲ್ಪ್ಸ್ ಪರ್ವತಗಳಿಗೆ ಹೋಗುವುದುಂಟು. ಕಠಿಣವಾದ ಇಳಿಜಾರು, ಗದ್ದಲದ ರಾತ್ರಿ ಎರಡೂ ಬೇಕೆನ್ನುವವರು ಆರಿಸಿಕೊಳ್ಳುವ ಊರುಗಳಲ್ಲಿ ಆಸ್ಟ್ರಿಯಾದ ಸಾಂಕ್ಟ್ ಆಂಟನ್ ಮುಖ್ಯವಾದುದು. ಹೊರಡುವ ಮುನ್ನ ಆ ಊರಿನ ಇತಿಹಾಸವನ್ನು ತಿಳಿದಿರುವುದು ಒಳ್ಳೆಯದು.

ಆರ್ಲ್‌ಬರ್ಗ್ ಕಣಿವೆದಾರಿಯ ಬುಡದಲ್ಲಿ, ಸುಮಾರು 1300 ಮೀಟರ್ ಎತ್ತರದಲ್ಲಿ ಈ ಊರಿದೆ. ಹಿಂದೆ ಆ ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ದಾರಿಹೋಕರು ಸಾಯುತ್ತಿದ್ದರು. ಅವರ ರಕ್ಷಣೆಗೆಂದು ಹೈನ್ರಿಶ್ ಫಿಂಡೆಲ್‌ಕಿಂಡ್ ಎಂಬಾತ 1386ರಲ್ಲಿ ಮೇಲಿನ ಸಾಂಕ್ಟ್ ಕ್ರಿಸ್ಟೋಫಿನಲ್ಲಿ ಒಂದು ಛತ್ರವನ್ನು ಸ್ಥಾಪಿಸಿದನು. ಚಳಿಯಲ್ಲಿ ಬಂದವರಿಗೆ ಬೆಂಕಿ, ಊಟ, ಆಶ್ರಯ ಕೊಡುವುದು ಇಲ್ಲಿ ಅಷ್ಟು ಹಳೆಯದು. 1884ರಲ್ಲಿ ಹತ್ತು ಕಿಲೋಮೀಟರಿಗೂ ಉದ್ದವಾದ ರೈಲು ಸುರಂಗ ತೆರೆದ ಮೇಲೆ ದೂರದವರೂ ಸುಲಭವಾಗಿ ಬರುವಂತಾಯಿತು. 1901ರಲ್ಲಿ ಆರ್ಲ್‌ಬರ್ಗ್ ಸ್ಕೀ ಕ್ಲಬ್ ಹುಟ್ಟಿತು.

ಪಕ್ಕದ ಸ್ಟೂಬೆನ್ ಗ್ರಾಮದಲ್ಲಿ 1890ರಲ್ಲಿ ಜನಿಸಿದ ಹಾನ್ನೆಸ್ ಶ್ನೈಡರ್ ಅವರು 1907ರಲ್ಲಿ ಇಲ್ಲಿಗೆ ಸ್ಕೀ ಶಿಕ್ಷಕರಾಗಿ ಬಂದರು. ಮೈಯನ್ನು ಮುಂದಕ್ಕೆ ಬಾಗಿಸಿ, ಕಡಿದಾದ ಇಳಿಜಾರಿನಲ್ಲಿ ವೇಗವನ್ನು ಹಿಡಿತದಲ್ಲಿಟ್ಟುಕೊಂಡು ತಿರುಗುವ ಕ್ರಮವನ್ನು ಅವರು ಹಂತಹಂತವಾಗಿ ಕಲಿಸಿದರು. ಅದೇ ಜಗತ್ಪ್ರಸಿದ್ಧವಾದ ಆರ್ಲ್‌ಬರ್ಗ್ ಪದ್ಧತಿ. 1928ರಲ್ಲಿ ಅವರೊಡಗೂಡಿ ಇಲ್ಲಿ ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆಯನ್ನು ಆರಂಭಿಸಿದ ಇಂಗ್ಲಿಷರಾದ ಆರ್ನಾಲ್ಡ್ ಲನ್ ಹುಟ್ಟಿದ್ದು ನಮ್ಮ ಮದರಾಸಿನಲ್ಲಿ! ಆಲ್ಪ್ಸ್ ಪಂದ್ಯಕ್ಕೆ ಅಫ್ಘನ್ ನಗರದ ಹೆಸರು ಬರಲು ಕಾರಣ, ಭಾರತದಲ್ಲಿ ಬ್ರಿಟಿಷ್ ಸೇನಾಧಿಪತಿಯಾಗಿದ್ದ ಕಂದಹಾರದ ಲಾರ್ಡ್ ರಾಬರ್ಟ್ಸ್. 1911ರಲ್ಲಿಯೇ ಅವರ ಹೆಸರಿನ ಸ್ಕೀ ಪಾರಿತೋಷಕವೊಂದಿತ್ತು.

ಊರಿಗೆ ಕೀರ್ತಿ ತಂದ ಶ್ನೈಡರ್ ನಾಜಿಗಳ ವಿರೋಧಿಯಾಗಿದ್ದರು. 1938ರ ಮಾರ್ಚಿಯಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಕೂಡಲೇ ಅವರನ್ನು ಸೆರೆಗೆ ಹಾಕಲಾಯಿತು. ಮರುವರ್ಷ ಅವರು ಅಮೆರಿಕದ ನಾರ್ತ್ ಕಾನ್‌ವೇ ಸೇರಿದರು; ಅಲ್ಲಿಯೂ ಪಾಠ ಹೇಳಿದರು; 1955ರಲ್ಲಿ ತೀರಿಕೊಂಡರು.

ಇಂದು ಇಲ್ಲಿನ ಸುಲಭವೆನ್ನುವ ನೀಲಿ ಗುರುತಿನ ದಾರಿಗಳೇ ಬೇರೆಡೆಯ ಕೆಂಪು ದಾರಿಗಳಂತಿವೆ ಎಂಬ ಮಾತಿದೆ. 2811 ಮೀಟರ್ ಎತ್ತರದ ವಲ್ಲುಗಾ ಶಿಖರದ ತುದಿಗೆ ಸ್ಕೀ ಒಯ್ಯಬೇಕಾದರೆ ಮಾರ್ಗದರ್ಶಕರು ಜೊತೆಗಿರಲೇಬೇಕು. ಹೊಸಬರು ಸಂಗಡ ಇದ್ದರೆ ನೆರೆಯ ಲೆಖ್ ಗ್ರಾಮವೇ ಲೇಸು. 2016ರಿಂದ ಕೇಬಲ್ ಗಾಡಿಗಳು ಎರಡೂ ಕಡೆಯ ಇಳಿಜಾರುಗಳನ್ನು ಜೋಡಿಸಿವೆ.

ಇನ್ನು ರಾತ್ರಿಯ ವಿಷಯ. ಹೆಸರಾಂತ ಮೂಸರ್‌ವಿರ್ಟ್ ಪಾನಗೃಹ ಇರುವುದು ಊರೊಳಗಲ್ಲ, ಊರಿನ ಮೇಲಿನ ಇಳಿಜಾರಿನಲ್ಲಿ. ಇಳಿಹೊತ್ತಿಗೇ ಅಲ್ಲಿ ಹಾಡು, ಕುಣಿತ ತೊಡಗುತ್ತದೆ. ಅನಂತರ ಹಲವರು ಕತ್ತಲಲ್ಲಿ, ಕುಡಿದ ಕಾಲುಗಳಲ್ಲಿ ಸ್ಕೀ ಕಟ್ಟಿಕೊಂಡೇ ಕೆಳಗಿಳಿಯುತ್ತಾರೆ. ಶ್ನೈಡರ್ ಜೀವಮಾನವೆಲ್ಲ ಕಲಿಸಿದ್ದು ಹಿಡಿತವನ್ನು. ಅದನ್ನು ಅವರ ಊರಿನಲ್ಲಿಯೇ ಕೈಬಿಡುವುದು ಸರಿಯಲ್ಲ. ಆದ್ದರಿಂದ ಮೊದಲು ಬೆಳಕಿರುವಾಗಲೇ ಊರಿಗೆ ಇಳಿಯಿರಿ, ಸ್ಕೀಗಳನ್ನು ಕಳಚಿಡಿರಿ, ಸಂಭ್ರಮವೇನಿದ್ದರೂ ಆಮೇಲೆ.