ಓಡುವ ಮನೆಯ ದೀಪ

ಕಳೆದ ಅಕ್ಟೋಬರ್ ತಿಂಗಳಲ್ಲಿ ಒಂದು ಬೆಳಿಗ್ಗೆ ಏಳೂವರೆಯ ಹೊತ್ತು. ಕಾಫಿ ಮುಗಿಸಿ ತೋಟದ ಕಡೆ ಹೊರಡಬೇಕೆನ್ನುವಷ್ಟರಲ್ಲಿ ಅಮೆರಿಕದಿಂದ ತಮ್ಮನ ಮಗಳ ಕರೆ ಬಂತು. ಅಲ್ಲಿ ಆಗ ರಾತ್ರಿ ಎಂಟು ಗಂಟೆ. ಅವಳು, ಅವಳ ಗಂಡ, ಇಬ್ಬರು ಚಿಕ್ಕ ಮಕ್ಕಳು ರಜೆಗೆಂದು ಒಂದು ಮೋಟಾರು ಮನೆಯನ್ನು ಬಾಡಿಗೆಗೆ ಪಡೆದು ಉಟಾ ರಾಜ್ಯದ ಬ್ರೈಸ್ ಕಣಿವೆಯ ಹತ್ತಿರ ಬೀಡು ಬಿಟ್ಟಿದ್ದರು. ಇದನ್ನು ನೋಡದವರಿಗಾಗಿ ಹೇಳುತ್ತೇನೆ: ಬಸ್ಸಿನಂಥ ಒಂದೇ ಗಾಡಿಯೊಳಗೆ ಅಡುಗೆಯ ಒಲೆ, ಹಾಸಿಗೆ, ಬಚ್ಚಲು, ದೀಪ, ನೀರಿನ ಪಂಪು ಎಲ್ಲವೂ ಇರುವ ವಾಹನ ಅದು. ಎತ್ತರದ ಪ್ರದೇಶವಾದ್ದರಿಂದ ಚಳಿ ವಿಪರೀತ. ಒಳಗೆ ಬೆಚ್ಚಗಿಡುವ ಹೀಟರು ಹೊತ್ತಿಕೊಳ್ಳುತ್ತಿಲ್ಲ, ದೀಪಗಳು ಮಂಕು, ಪಂಪು ಮುಲುಗುತ್ತದೆ.

"ದೊಡ್ಡಪ್ಪ, ಪಕ್ಕದ ಗಾಡಿಯವರು ಬಂದು ನೋಡಿ ಬ್ಯಾಟರಿ ಸತ್ತಿದೆ ಅಂದರು. ಬಾಡಿಗೆಗೆ ಕೊಟ್ಟವರು ನಾಳೆ ಬರುತ್ತೇವೆ ಅನ್ನುತ್ತಾರೆ. ಆದರೆ ಒಂದು ವಿಚಿತ್ರ. ಇಂಜಿನ್ ಚಾಲೂ ಮಾಡಿದರೆ ದೀಪ ಚೆನ್ನಾಗಿ ಉರಿಯುತ್ತದೆ. ನಿಲ್ಲಿಸಿದ ತಕ್ಷಣ ಮಂಕಾಗುತ್ತದೆ."

ರಾತ್ರಿಯೆಲ್ಲ ಇಂಜಿನ್ ಓಡಿಸಿಕೊಂಡು ಮಲಗುವಂತಿಲ್ಲ. ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ವಾಸನೆಯಿಲ್ಲದೆ ಕೊಲ್ಲುವ ಅನಿಲ. ಇಷ್ಟನ್ನು ನನ್ನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಕೊನೆಯ ಮಾತು. ಓಡಿದರೆ ಬೆಳಕು, ನಿಂತರೆ ಕತ್ತಲೆ. ಈ ರೋಗಲಕ್ಷಣವನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ, ಅರಸೀಕೆರೆಯ ಹೊರಗೆ, ಒಂದು ರೈಲುಡಬ್ಬಿಯಲ್ಲಿ ಕಂಡಿದ್ದೆ.

ಓಡುವ ಮನೆಗೆ ದೀಪ ಹಚ್ಚುವ ಸಮಸ್ಯೆ ಮೋಟಾರು ಗಾಡಿಗಿಂತ ಹಳೆಯದು. ಅದನ್ನು ಮೊದಲು ಎದುರಿಸಿದವರು ರೈಲ್ವೆಯವರು. ಆರಂಭದಲ್ಲಿ ಎಣ್ಣೆಯ ದೀಪಗಳು. ಆಳುಗಳು ಡಬ್ಬಿಗಳ ಮೇಲೆ ನಡೆಯುತ್ತ ಚಾವಣಿಯ ರಂಧ್ರಗಳಿಂದ ದೀಪಗಳನ್ನು ಒಳಗೆ ಇಳಿಬಿಡುತ್ತಿದ್ದರು. ಆಮೇಲೆ ಅನಿಲದ ದೀಪ ಬಂತು. ಬೆಳಕು ಚೆನ್ನ, ಆದರೆ ಅಪಘಾತವಾದರೆ ಮರದ ಡಬ್ಬಿಗಳಿಗೆ ಅದೇ ಚಿತೆ. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್ ಎಂಬಲ್ಲಿ ಸೈನಿಕರ ರೈಲು ಡಿಕ್ಕಿಯಾಗಿ 200ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯನ್ನು ಅಷ್ಟು ಭೀಕರಗೊಳಿಸಿದ್ದು ಡಬ್ಬಿಗಳ ಕೆಳಗಿದ್ದ ದೀಪದ ಅನಿಲ.

ವಿದ್ಯುತ್ ದೀಪ ಅಷ್ಟರಲ್ಲಾಗಲೇ ಬಂದಿತ್ತು. 1881ರಲ್ಲೇ ಲಂಡನ್–ಬ್ರೈಟನ್ ಮಾರ್ಗದ ಒಂದು ಪುಲ್‌ಮನ್ ಡಬ್ಬಿಗೆ ಬ್ಯಾಟರಿಯಿಂದ ದೀಪ ಹಚ್ಚಿದ್ದರು. ಬ್ಯಾಟರಿ ಬರಿದಾದಾಗ ನಿಲ್ದಾಣದಲ್ಲಿ ತುಂಬಿಸಿಕೊಳ್ಳಬೇಕಿತ್ತು, ಬಿಂದಿಗೆಗೆ ನೀರು ತುಂಬಿಸಿಕೊಂಡ ಹಾಗೆ. ಓಡುವ ಗಾಲಿಯಿಂದಲೇ ಡೈನಮೋ ತಿರುಗಿಸಬಹುದಲ್ಲ ಎಂದು ಯಾರಿಗಾದರೂ ತೋಚುತ್ತದೆ. ತೊಡಕು ಏನೆಂದರೆ, ಗಾಲಿಯ ವೇಗ ಒಂದೇ ಸಮನಿರುವುದಿಲ್ಲ. ವೇಗ ಹೆಚ್ಚಿದರೆ ಬಲ್ಬು ಸುಡುತ್ತದೆ, ತಗ್ಗಿದರೆ ಮಂಕಾಗುತ್ತದೆ, ನಿಂತರೆ ಏನೂ ಇಲ್ಲ. ಲಂಡನ್ನಿನ ಡೆಪ್ಟ್‌ಫೋರ್ಡಿನ ಜೆ. ಸ್ಟೋನ್ ಕಂಪನಿಯವರು 1890ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಂದಿಗೂ ಅಚ್ಚುಮೆಚ್ಚು. ಡೈನಮೋವನ್ನು ಬಿಗಿಯಾಗಿ ಕೂರಿಸದೆ ಡಬ್ಬಿಯ ಕೆಳಗೆ ಓರೆಯಾಗಿ ತೂಗುಬಿಟ್ಟರು. ವೇಗ ಮಿತಿಮೀರಿದಾಗ ಬೆಲ್ಟಿನ ಸೆಳೆತಕ್ಕೆ ಡೈನಮೋವೇ ಗಾಲಿಯ ಕಡೆಗೆ ವಾಲುತ್ತದೆ, ಬೆಲ್ಟು ಸಡಿಲವಾಗಿ ಜಾರುತ್ತದೆ, ಡೈನಮೋದ ವೇಗ ಅಲ್ಲಿಗೇ ನಿಲ್ಲುತ್ತದೆ. ಬೆಲ್ಟು ಜಾರುವುದು ದೋಷವೆಂದು ಎಲ್ಲ ಕಾರ್ಖಾನೆಗಳೂ ಭಾವಿಸಿದ್ದ ಕಾಲದಲ್ಲಿ ಇವರು ಆ ದೋಷವನ್ನೇ ಸಂಬಳಕ್ಕಿಟ್ಟುಕೊಂಡರು! ಡೈನಮೋ ಕೈಕೊಟ್ಟಾಗ ಬ್ಯಾಟರಿ, ಬ್ಯಾಟರಿ ಬರಿದಾದರೆ ನಿಲ್ದಾಣದ ವಿದ್ಯುತ್. ಇಂದಿನ ಮೋಟಾರು ಮನೆಯಲ್ಲಿರುವುದೂ ಇದೇ ಮೂರು ಬಗೆ: ಇಂಜಿನ್ನು ತಿರುಗಿಸುವ ಆಲ್ಟರ್ನೇಟರು, ಬ್ಯಾಟರಿ, ಬೀಡಿನ ಜಾಗದಲ್ಲಿ ಸಿಕ್ಕುವ ಕಂಬದ ವಿದ್ಯುತ್.

ನಮ್ಮ ದೇಶದಲ್ಲಿ ಎಲ್ಲ ಡಬ್ಬಿಗಳಿಗೂ ವಿದ್ಯುತ್ ದೀಪವನ್ನು ಕಾಯಂ ಆಗಿ ಅಳವಡಿಸಿದ ಮೊದಲ ರೈಲ್ವೆ ಜೋಧಪುರದ್ದು, 1902ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಅದೇ ವರ್ಷ. ತಿಪಟೂರಿನ ಮೇಲೆ ಹಾದುಹೋಗುವ ಬೆಂಗಳೂರು–ಹರಿಹರ ಮೀಟರ್ ಗೇಜ್ ಮಾರ್ಗ ಹುಟ್ಟಿದ್ದು ಅದಕ್ಕೂ ಮುಂಚೆ, 1880ರ ದಶಕದಲ್ಲಿ. 1951ರಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿತು. ನನ್ನ ಬಾಲ್ಯದಲ್ಲಿ ಅದರ ಡಬ್ಬಿಗಳ ದೀಪ 24 ವೋಲ್ಟಿನದು. ನಮ್ಮ ಹಳ್ಳಿಗೆ ಇನ್ನೂ ವಿದ್ಯುತ್ ಬಂದಿರಲಿಲ್ಲ. ಲಾಟೀನಿನ ಬೆಳಕಲ್ಲಿ ಓದುತ್ತಿದ್ದ ನಮಗೆ, ತೋಟಗಳ ನಡುವೆ ದೀಪ ಹಚ್ಚಿಕೊಂಡು ಓಡುವ ರೈಲೇ ದೀಪಾವಳಿ.

1962ರಲ್ಲಿ ಶಿವಮೊಗ್ಗದ ಸೋದರತ್ತೆಯ ಮನೆಯಿಂದ ಅಮ್ಮ, ನಾನು, ಎಂಟು ತಿಂಗಳ ತಮ್ಮ ಊರಿಗೆ ಮರಳುತ್ತಿದ್ದೆವು. ಬೀರೂರಿನಲ್ಲಿ ರೈಲು ಬದಲಿಸಿದಾಗ ರಾತ್ರಿಯಾಗಿತ್ತು. ಮಗುವಿಗೆ ಮಧ್ಯಾಹ್ನದಿಂದ ಜ್ವರ. ಗಾಡಿ ವೇಗವಾಗಿ ಓಡುವಾಗ ದೀಪ ಹೊಳೆಯುತ್ತಿತ್ತು, ಪ್ರತಿ ನಿಲ್ದಾಣದಲ್ಲೂ ಬೂದಿ ಮುಚ್ಚಿದ ಕೆಂಡದಂತಾಗುತ್ತಿತ್ತು. ಅರಸೀಕೆರೆಯ ಹೊರಗೆ ಕೈಮರ ಬೀಳದೆ ಗಾಡಿ ನಿಂತೇಬಿಟ್ಟಿತು. ಅಳುತ್ತಿದ್ದ ಮಗು ಆ ಹೊತ್ತಿಗೇ ಸುಮ್ಮನಾಯಿತು. ಅಮ್ಮನಿಗೆ ಅದರ ಮುಖ ಕಾಣುತ್ತಿರಲಿಲ್ಲ. ನನ್ನ ಮುಂಚೆ ಹುಟ್ಟಿದ ಒಂದು ಮಗುವನ್ನು ಜ್ವರದಲ್ಲೇ ಕಳೆದುಕೊಂಡಿದ್ದವಳು ಅವಳು. "ಉಸಿರಾಡ್ತಿದೆಯೇನೋ ನೋಡೋ" ಎಂದು ನನ್ನ ಕೈಯನ್ನು ಹಿಡಿದು ಮಗುವಿನ ಎದೆಯ ಮೇಲೆ ಇಟ್ಟಳು. ಅವಳ ಕೈಯೇ ನಡುಗುತ್ತಿದ್ದುದರಿಂದ ನನಗೆ ಏನೂ ತಿಳಿಯಲಿಲ್ಲ. ಡಬ್ಬಿಯವರೆಲ್ಲ ಬ್ಯಾಟರಿ ಸತ್ತಿದೆ ಎಂದು ತೀರ್ಪು ಕೊಟ್ಟಿದ್ದರು.

ಅಂತೂ ಗಾಡಿ ಅರಸೀಕೆರೆ ಸೇರಿತು. ಅಮ್ಮ ಕಿಟಕಿಯಿಂದ ಕೂಗಿದ್ದಕ್ಕೆ ಕೈಲಾಟೀನು ಹಿಡಿದ ಒಬ್ಬ ರೈಲ್ವೆ ಕೆಲಸಗಾರರು ನಿಂತರು. ಮಾತಿನಲ್ಲಿ ತಮಿಳಿನ ವಾಸನೆ. ಲಾಟೀನನ್ನು ಕಿಟಕಿಗೆ ಎತ್ತಿ ಹಿಡಿದು, "ಮಗೂಗೆ ಬೆವರು ಬಂದಿದೆ ತಾಯಿ, ಜ್ವರ ಬಿಡ್ತಾ ಇದೆ, ನಿದ್ದೆ ಮಾಡ್ತಿದೆ" ಎಂದರು. ಅಮ್ಮ ಅಳತೊಡಗಿದಳು. ಅವರು ಅಷ್ಟಕ್ಕೇ ಹೋಗಬಹುದಿತ್ತು, ಹೋಗಲಿಲ್ಲ. "ದೀಪ ಹಾಕಿ ಕೊಡ್ತೀನಿ, ಇರಿ" ಎಂದು ಡಬ್ಬಿಯ ಕೆಳಗಿನ ಬ್ಯಾಟರಿ ಪೆಟ್ಟಿಗೆ ತೆರೆದರು. ನಾನು ಇಳಿದು ಲಾಟೀನು ಹಿಡಿದೆ.

ಅವರ ಬಳಿ ಇದ್ದ ಉಪಕರಣವೆಂದರೆ ಎರಡು ತಂತಿ ಕಟ್ಟಿದ ಒಂದು ಬಲ್ಬು. ಯಾರೋ ಒಳಗಿನ ದೀಪಗಳ ಸ್ವಿಚ್ಚು ಆರಿಸಲು ಹೋದಾಗ ಗದರಿದರು: "ಆರಿಸಬೇಡಿ! ಎಲ್ಲಾ ದೀಪ, ಎಲ್ಲಾ ಫ್ಯಾನು ಹಾಕಿ." ತಂತಿಗಳನ್ನು ಬ್ಯಾಟರಿಯ ಸೀಸದ ಮೊಳಕೆಗಳಿಗೇ ಮುಟ್ಟಿಸಿದರು. ಬಲ್ಬು ಝಗ್ಗನೆ ಹೊತ್ತಿತು. ಒಂದು ತಂತಿಯನ್ನು ಅಲ್ಲಿಂದ ಕೇವಲ ನಾಲ್ಕು ಬೆರಳಾಚೆ, ಮೊಳಕೆಗೆ ಸೇರುವ ಕೇಬಲ್ಲಿನ ತುದಿಗೆ ಸರಿಸಿದರು. ಬಲ್ಬು ಮಂಕಾಯಿತು. "ನೋಡು ತಂಬಿ, ಬ್ಯಾಟರಿ ಸತ್ತಿಲ್ಲ. ದಾರಿ ಕಟ್ಟಿದೆ." ಆ ಕೂಡಿಕೆಯ ಮೇಲೆ ನಮ್ಮ ತೋಟಗಳಿಗೆ ಹೊಡೆಯುವ ಮೈಲುತುತ್ತದ ಬಣ್ಣದ ಕಿಲುಬು ಬೆಳೆದಿತ್ತು. ಚಾಕುವಿನಿಂದ ಕೆರೆದು, ತಿರುಪು ಬಿಗಿದು, ಡಬ್ಬಿಯಿಂದ ಬೆರಳಲ್ಲಿ ತೆಗೆದ ವ್ಯಾಸಲೀನು ಸವರಿದರು. ಒಳಗೆ ದೀಪ ಹತ್ತಿತು. ಹೆಸರು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಮುಂದೆ ಮೇಷ್ಟರಾದ ಮೇಲೆ ಒಮ್ಮೆ ಅರಸೀಕೆರೆಯಲ್ಲಿ ವಿಚಾರಿಸಿದೆ, ಗುರುತು ಹತ್ತಲಿಲ್ಲ.

ದೀಪಗಳನ್ನು ಆರಿಸಬೇಡಿ ಎಂದು ಅವರು ಏಕೆ ಗದರಿದರು ಎಂಬುದು ನನಗೆ ತಿಳಿದದ್ದು ಕಾಲೇಜಿನಲ್ಲಿ ಓಮ್ ನಿಯಮ ಓದಿದ ಮೇಲೆ. ಕೂಡಿಕೆಯಲ್ಲಿ ಕಿಲುಬಿದ್ದರೆ ಅದೊಂದು ಪ್ರತಿರೋಧ. ವಿದ್ಯುತ್ತು ಹರಿಯದಿದ್ದಾಗ ಅದು ಏನನ್ನೂ ತಿನ್ನುವುದಿಲ್ಲ, ಅಳೆದರೆ ಎಲ್ಲ ಕಡೆಯೂ ಪೂರ್ಣ ವೋಲ್ಟು ಕಾಣುತ್ತದೆ. ಹೊರೆ ಬಿದ್ದಾಗಲೇ ಅದರ ಹಸಿವು ಬಯಲಾಗುವುದು. 10 ಆಂಪಿಯರ್ ಹರಿಯುವಲ್ಲಿ 0.2 ಓಮ್ ಪ್ರತಿರೋಧವಿದ್ದರೆ 2 ವೋಲ್ಟು ಅಲ್ಲಿಯೇ ನಷ್ಟ. ಮನೆಯ 230 ವೋಲ್ಟಿನಲ್ಲಿ 2 ವೋಲ್ಟು ಹೋದರೆ ಯಾರಿಗೂ ತಿಳಿಯದು. 12 ವೋಲ್ಟಿನಲ್ಲಿ ಅದು ಆರನೆಯ ಒಂದು ಪಾಲು. ಸಾಲದ್ದಕ್ಕೆ, ವೋಲ್ಟು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಬೇಕು. ಓಡುವ ಮನೆಗಳಿಗೆ ಕಿಲುಬು ಇಷ್ಟು ದೊಡ್ಡ ಶತ್ರುವಾದದ್ದು ಹೀಗೆ. ರೈಲ್ವೆಯವರು ಮುಂದೆ 110 ವೋಲ್ಟಿಗೂ, ಈಗಿನ ಹೊಸ ಡಬ್ಬಿಗಳಲ್ಲಿ 750 ವೋಲ್ಟಿಗೂ ಏರಿದ್ದಕ್ಕೆ ಇದೂ ಒಂದು ಕಾರಣ. ಆದರೂ ಬ್ಯಾಟರಿ ಸತ್ತಿದೆ ಎನ್ನುವುದು ಸುಲಭ. ಮಾರುವವನಿಗೂ ಲಾಭ, ಕೊಳ್ಳುವವನಿಗೂ ಸಮಾಧಾನ.

ನಮ್ಮ ತೆಂಗಿನ ಸೀಮೆಯಲ್ಲಿ ಈ ತಪ್ಪಿಗೆ ತೆತ್ತ ದಂಡ ಕಡಿಮೆಯದಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಗೆಳೆಯರೊಬ್ಬರು ಕೊಳವೆಬಾವಿಯ ಮೋಟಾರನ್ನು ಒಂದೇ ಬೇಸಿಗೆಯಲ್ಲಿ ಎರಡು ಸಲ ಮೇಲೆತ್ತಿಸಿ ರೀವೈಂಡಿಂಗ್ ಮಾಡಿಸಿದರು. ನೀರಿಲ್ಲದೆ ಗರಿ ಜೋತುಬಿದ್ದವು. ಮೂರನೆಯ ಸಲ ಇಳಿಸುವಾಗ ನಾನು ಅಲ್ಲಿದ್ದೆ. ಮೋಟಾರು ಓಡುತ್ತಿರುವಾಗಲೇ ಅಳೆಯಿರಿ ಎಂದು ಲೈನ್‌ಮನ್‌ಗೆ ಕೇಳಿಕೊಂಡೆ. ಕಂಬದ ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಬರಿಗೈಯಲ್ಲಿ ಸುತ್ತಿದ್ದ ಒಂದು ಕೂಡಿಕೆ ಒಂದು ಫೇಸನ್ನೇ ನುಂಗುತ್ತಿತ್ತು. ಮೋಟಾರಿನ ತಪ್ಪು ಏನೂ ಇರಲಿಲ್ಲ.

ಈಗ ಬ್ರೈಸ್ ಕಣಿವೆಗೆ ಬರೋಣ. ಅಳಿಯ ಕಂಪ್ಯೂಟರ್ ಇಂಜಿನಿಯರು. ಪುಣ್ಯಕ್ಕೆ ಅವರ ಚೀಲದಲ್ಲಿ ಒಂದು ಸಣ್ಣ ಮೀಟರಿತ್ತು. ಅವರು ಮೊದಲೇ ಅಳೆದಿದ್ದರು. ಎಲ್ಲ ಆರಿಸಿದಾಗ ಬ್ಯಾಟರಿಯಲ್ಲಿ 12.6, ದೀಪದ ಹಲಗೆಯಲ್ಲೂ 12.6. "ಸರಿಯಾಗಿಯೇ ಇದೆಯಲ್ಲ?" ಎಂಬ ಗೊಂದಲ ಅವರಿಗೆ. ನಾನು ಅರಸೀಕೆರೆಯ ಮಾತನ್ನೇ ಹೇಳಿದೆ: ಎಲ್ಲ ದೀಪ ಹಾಕಿ, ಪಂಪು ಹಾಕಿ, ಹೀಟರಿನ ಬ್ಲೋವರು ಹಾಕಿ, ಆಮೇಲೆ ಅಳೆಯಿರಿ. ಬ್ಯಾಟರಿಯಲ್ಲಿ 12.4. ಹಲಗೆಯಲ್ಲಿ 10.3. ನಡುವೆ 2.1 ವೋಲ್ಟು ಕಾಣೆಯಾಗಿದೆ. ಧನದ ಮೊಳಕೆಯಿಂದ ಹಲಗೆಯ ಧನಕ್ಕೆ ಅಳೆಯಿರಿ ಎಂದೆ. ಹೆಚ್ಚುಕಡಿಮೆ ಸೊನ್ನೆ. ಋಣದ ಮೊಳಕೆಯಿಂದ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಅಳೆಯಿರಿ ಎಂದೆ. ಸ್ವಲ್ಪ ಹೊತ್ತು ಮೌನ, ಆಮೇಲೆ ಅಳಿಯನ ಧ್ವನಿ: "2.1, ದೊಡ್ಡಮಾವ."

ಇಂಜಿನ್ನಿನ ಆಲ್ಟರ್ನೇಟರು ಅದೇ ಚೌಕಟ್ಟಿಗೆ ಬೇರೆ ದಾರಿಯಿಂದ ಸೇರಿರುವುದರಿಂದ, ಇಂಜಿನ್ ಓಡಿದಾಗ ಕೆಟ್ಟ ಕೂಡಿಕೆಯ ಹಂಗಿಲ್ಲದೆ ದೀಪ ಉರಿಯುತ್ತಿತ್ತು. ಎಲ್ಲವನ್ನೂ ಆರಿಸಿ, ಮೊದಲು ಬ್ಯಾಟರಿಯ ಋಣದ ಕೇಬಲ್ಲು ಬಿಚ್ಚಿ, ಸ್ಪ್ಯಾನರು ಧನಕ್ಕೆ ತಾಕದಂತೆ ನೋಡಿಕೊಂಡು ಚೌಕಟ್ಟಿನ ಬೋಲ್ಟು ತೆಗೆಯಿರಿ ಎಂದೆ. ಬೋಲ್ಟು ಇನ್ನೂ ಬೆಚ್ಚಗಿತ್ತಂತೆ. ಉಪ್ಪುಕಾಗದವಿಲ್ಲದೆ ಮಗಳು ಉಗುರು ಉಜ್ಜುವ ಅರವನ್ನು ಕೊಟ್ಟಳು. ಉಜ್ಜಿ, ಬಿಗಿದು, ಮತ್ತೆ ಕೂಡಿಸಿದರು.

ನಲವತ್ತು ನಿಮಿಷದ ಬಳಿಕ ಮತ್ತೆ ಕರೆ. ಹಿನ್ನೆಲೆಯಲ್ಲಿ ಬ್ಲೋವರಿನ ಗಾಳಿಯ ಸದ್ದು. ಎಂಟು ತಿಂಗಳ ಕೂಸಾಗಿದ್ದ ಆ ತಮ್ಮನ ಮಗಳೇ ಇವಳು. ಅವಳಿಗೆ ಆ ರಾತ್ರಿಯ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ.

"ಮಕ್ಕಳು ಮಲಗಿದರು ದೊಡ್ಡಪ್ಪ," ಎಂದಳು, "ದೀಪ ಆರಿಸಲೇ?"