ನಲುವತ್ತಾರರ ಪ್ರಾಯಲ್ಲಿ ಟೀಚರು ಅಪ್ಪಲಾಗದಾ?

ಪಿಲಾಟಿಸ್ ಹೇಳುವ ಹೆಸರು ಈಗ ನಮ್ಮ ಐವರ್ನಾಡಿನ ವರೆಗೂ ಬೈಂದು. ಸುರುವಿಂಗೆ ಕೇಳಿಯಪ್ಪಗ ಬೆಂಗ್ಳೂರಿಲಿ ಸಿಕ್ಕುವ ಎಂತದೋ ಹೊಸ ತಿಂಡಿ ಹೇಳಿ ಗ್ರೇಶಿದೋರೂ ಇದ್ದವು. ತಿಂಡಿ ಅಲ್ಲ, ವ್ಯಾಯಾಮ. ನೆಲಕ್ಕಲ್ಲಿ ಚಾಪೆ ಹಾಸಿ ಮನುಗಿ, ಹೊಟ್ಟೆಯ ಒಳಾಣ ಸ್ನಾಯುಗಳ ಬಿಗಿ ಹಿಡುದು, ಉಸುಲಿನ ಲೆಕ್ಕಕ್ಕೆ ಸರಿಯಾಗಿ ನಿಧಾನಲ್ಲಿ ಕಾಲು, ಬೆನ್ನು, ಸೊಂಟ ಆಡುಸುದು. ಸ್ಪ್ರಿಂಗು ಹಾಕಿದ ಮಂಚದ ಹಾಂಗಿಪ್ಪ ಒಂದು ಸಾಮಾನಿನ ಮೇಲೆಯೂ ಮಾಡ್ತವು. ಅದಕ್ಕೆ ರಿಫಾರ್ಮರ್ ಹೇಳಿ ಹೆಸರು.

ಎನ್ನ ಚಿಕ್ಕಮ್ಮನ ಮಗಳು ಬೆಂಗ್ಳೂರಿಲಿ ಒಂದು ಕಂಪೆನಿಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರವ ಕೆಲಸ ಮಾಡಿತ್ತು. ಈಗ ಪ್ರಾಯ 46. ಕೂದು ಕೂದು ಸೊಂಟಬೇನೆ ಜೋರಾಗಿ, ಡಾಕ್ಟ್ರ ಹತ್ರೆ ಕೇಳಿಗೊಂಡು ಪಿಲಾಟಿಸ್ ಸುರು ಮಾಡಿತ್ತು. ಬೇನೆ ಕಮ್ಮಿ ಆತು. ಕಳುದ ವರ್ಷ ಕೆಲಸ ಬಿಟ್ಟು, ಅದನ್ನೇ ಕಲಿಶುವ ಟೀಚರು ಅಪ್ಪಲೆ ಹೆರಟತ್ತು. ಚಿಕ್ಕಮ್ಮಂಗೆ ಒರಕ್ಕಿಲ್ಲೆ. "ಮಾಣಿಯ ಕಾಲೇಜು ಮುಗುದ್ದಿಲ್ಲೆ, ಮನೆಸಾಲ ತೀರಿದ್ದಿಲ್ಲೆ. ಈ ಪ್ರಾಯಲ್ಲಿ ಇದಕ್ಕೆಂತ ಮರುಳು?" ಹೇಳಿ ಕೇಳ್ತವು. ಜೆಂಬ್ರಲ್ಲಿ ಸಿಕ್ಕಿದೋರುದೇ ಹಾಂಗೇ ಹೇಳುದು. ನಲುವತ್ತು ದಾಂಟಿದ ಮತ್ತೆ ಈ ಕೆಲಸಕ್ಕೆ ಇಳುದೋರು ಮದಲು ಇತ್ತಿದ್ದವಾ ಹೇಳಿ ನೋಡಿರೆ, ಚರಿತ್ರೆಲಿ ಬೇಕಾದಷ್ಟು ಇದ್ದವು. ಒಂದು ಕತೆ ಅಂತೂ ನಮ್ಮ ಮೈಸೂರಿಂದೇ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಲಿ ಒಂದು ಯೋಗಶಾಲೆ ಸುರು ಆತು. ಗುರುಗೊ ತಿರುಮಲೈ ಕೃಷ್ಣಮಾಚಾರ್ಯರು. ಹುಟ್ಟಿದ್ದು ಚಿತ್ರದುರ್ಗದ ಸೀಮೆಲಿ. 1934ರಲ್ಲಿ 'ಯೋಗ ಮಕರಂದ' ಹೇಳುವ ಪುಸ್ತಕವ ಕನ್ನಡಲ್ಲೇ ಬರದವು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಎಲ್ಲ ಅವರ ಶಿಷ್ಯಂದ್ರು. 1938ರಲ್ಲಿ ತೆಗದ ಒಂದು ಕಪ್ಪು ಬೆಳಿ ಸಿನೆಮಾ ಇದ್ದು. ಅದರ್ಲಿ ಗುರುಗಳ ಹೆಂಡತ್ತಿ ನಾಮಗಿರಿಯಮ್ಮನೂ ಕೂಸುಗಳೂ ಆಸನ ಹಾಕುದು ಕಾಣ್ತು. ಮನೆಯೊಳ ಹೆಮ್ಮಕ್ಕೊ ಕಲ್ತುಗೊಂಡಿತ್ತಿದ್ದವು. ಆದರೆ ಹೆರಾಣ ಹೆಮ್ಮಕ್ಕೊಗೆ ಕಲಿಶುದು ಅಂಬಗ ವಾಡಿಕೆಲಿ ಇತ್ತಿಲ್ಲೆ.

ಅಲ್ಲಿಗೆ 1937ರ ಹೊತ್ತಿಂಗೆ ಪರದೇಶದ ಹೆಮ್ಮಕ್ಕೊ ಒಬ್ಬರು ಬಂದವು. ಹುಟ್ಟು ಹೆಸರು ಯುಜೀನಿ ಪೀಟರ್ಸನ್. ಹುಟ್ಟಿದ್ದು 1899ರಲ್ಲಿ, ರಿಗಾ ಪಟ್ಟಣಲ್ಲಿ. 1927ರಲ್ಲಿ ಭಾರತಕ್ಕೆ ಬಂದು, ಇಂದ್ರಾದೇವಿ ಹೇಳುವ ಹೆಸರಿಲಿ ಸಿನೆಮಾಲ್ಲಿ ಪಾರ್ಟು ಮಾಡಿ, ಬೊಂಬಾಯಿಲಿತ್ತಿದ್ದ ಚೆಕ್ ದೇಶದ ಅಧಿಕಾರಿ ಒಬ್ಬರ ಮದುವೆ ಆಗಿತ್ತಿದ್ದವು. ಮತ್ತೆ ಹೃದಯದ ಕಾಯಿಲೆ ಸುರು ಆತು. ಕಲಿಶಿಕೊಡಿ ಹೇಳಿ ಆಚಾರ್ಯರ ಹತ್ರೆ ಕೇಳಿರೆ, ಹೆಮ್ಮಕ್ಕೊ, ಅದುದೇ ಪರದೇಶದೋರು ಹೇಳಿ ಅವು ಒಪ್ಪಿದ್ದವಿಲ್ಲೆ. ಮಹಾರಾಜರು ಮಾತಾಡಿದ ಮತ್ತೆಯೇ ಸೇರ್ಸಿಗೊಂಡದು. ಸೇರ್ಸಿಗೊಂಡರೂ ರಿಯಾಯಿತಿ ಇಲ್ಲೆ. ಊಟಕ್ಕೂ ಒರಕ್ಕಿಂಗೂ ಕಟ್ಟುನಿಟ್ಟು. ಅಂಬಗ ಅವರ ಪ್ರಾಯ ಸುಮಾರು 38.

ಗೆಂಡಂಗೆ ಚೀನಾಕ್ಕೆ ವರ್ಗ ಆಗಿ ಹೆರಡುವಗ, ಮದಲು ಬೇಡ ಹೇಳಿದ ಆಚಾರ್ಯರೇ ಇನ್ನು ನೀನು ಬೇರೆಯೋರಿಂಗೆ ಕಲಿಶೆಕ್ಕು ಹೇಳಿ ಅಪ್ಪಣೆ ಕೊಟ್ಟವು. ಹೇಂಗೆ ಕಲಿಶೆಕ್ಕು ಹೇಳಿಯೂ ಪಾಠ ಮಾಡಿದವು. 1939ರಲ್ಲಿ ಶಾಂಘೈಲಿ ತರಗತಿ ಸುರು ಆತು. ಗೆಂಡ ತೀರಿಹೋದ ಮತ್ತೆ 1947ರಲ್ಲಿ ಇಂದ್ರಾದೇವಿ ಅಮೇರಿಕಕ್ಕೆ ಹೋಗಿ ಹಾಲಿವುಡ್ಡಿಲಿ ಯೋಗ ಕಲಿಶುವ ಶಾಲೆ ತೆಗದವು. ಪ್ರಾಯ ಐವತ್ತಕ್ಕೆ ಹತ್ರೆ. ಇನ್ನು ಸ್ವಂತ ದುಡುದೇ ಬದುಕ್ಕೆಕ್ಕು ಹೇಳುವ ಕಾಲ ಅದು. ಗ್ಲೋರಿಯಾ ಸ್ವಾನ್ಸನ್ ಹಾಂಗಿಪ್ಪ ದೊಡ್ಡ ನಟಿಯಕ್ಕೊ ಕಲಿವಲೆ ಬಂದವು. 2002ರಲ್ಲಿ ಅರ್ಜೆಂಟೀನಾಲ್ಲಿ ತೀರಿ ಹೋಪಗ ಪ್ರಾಯ 102. ಮೈಸೂರಿಲಿ ಕಲಿವಲೆ ಕೂದ ಮತ್ತೆ ಅರುವತ್ತಕ್ಕೂ ಹೆಚ್ಚು ವರ್ಷದ ಆಯುಷ್ಯ ಬಾಕಿ ಇತ್ತು.

ಅವಕ್ಕೆ ಮಹಾರಾಜರ ಶಿಫಾರಸು ಇದ್ದತ್ತು, ನಮ್ಮ ಕೂಸಿಂಗೆ ಎಂತ ಇದ್ದು ಹೇಳಿ ನಿಂಗೊ ಕೇಳುಗು. ಸರಿ. ಅಂಬಗ ಪಿಲಾಟಿಸಿನ ಕತೆಯನ್ನೇ ನೋಡುವ.

ಪಿಲಾಟಿಸ್ ಹೇಳುದು ಒಬ್ಬ ಮನುಷ್ಯರ ಹೆಸರು. ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಲಿ ಹುಟ್ಟಿದವು. ಸಣ್ಣಾಗಿಪ್ಪಗ ದಮ್ಮು ಇತ್ತು, ಎಲುಬು ಗಟ್ಟಿ ಇತ್ತಿಲ್ಲೆ. ಮೊದಲ ಮಹಾಯುದ್ಧದ ಸಮಯಲ್ಲಿ ಇಂಗ್ಲೆಂಡಿಲಿ ಇತ್ತಿದ್ದ ಕಾರಣ, ಶತ್ರುದೇಶದೋರು ಹೇಳಿ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರಲ್ಲಿ ಕೂಡಿಹಾಕಿದವು. ತನ್ನ ವ್ಯಾಯಾಮವ ಅವು ಬೆಳೆಶಿದ್ದು ಅಲ್ಲಿ. 1926ರಲ್ಲಿ ನ್ಯೂಯಾರ್ಕಿಂಗೆ ಹೋಪಗ ಪ್ರಾಯ 42. ಅಲ್ಲಿ ಎಂಟನೇ ಅವೆನ್ಯೂ ಹೇಳುವ ಬೀದಿಲಿ ಕಲಿಶುಲೆ ಸುರು ಮಾಡಿದವು, ಸಂಗಾತಿ ಕ್ಲಾರಾ ಒಟ್ಟಿಂಗೆ. ಅವು ಮಡಗಿದ ಹೆಸರು ಕಂಟ್ರಾಲಜಿ. 1945ರಲ್ಲಿ ಬರದ ಪುಸ್ತಕಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಂಗೊ ಇದ್ದು. ಪಿಲಾಟಿಸ್ ಹೇಳುವ ಹೆಸರು ಮತ್ತೆ ಜೆನ ಮಡಗಿದ್ದು.

ಅವರ ಹತ್ರೆ ಕಲ್ತೋರಲ್ಲಿ ಕ್ಯಾಥ್ಲೀನ್ ಗ್ರಾಂಟ್ ಹೇಳಿ ಒಬ್ಬರು. ಅಮೇರಿಕದ ಕಪ್ಪು ಜನಾಂಗದೋರು, 1921ರಲ್ಲಿ ಹುಟ್ಟಿದ್ದು, ಡ್ಯಾನ್ಸು ಮಾಡಿಗೊಂಡಿತ್ತಿದ್ದವು. ಮೊಳಪ್ಪಿಂಗೆ ಪೆಟ್ಟಾಗಿ ಪಿಲಾಟಿಸ್ ಅವರ ಹತ್ರೆ ಹೋದವು. 1967ರಲ್ಲಿ ಟೀಚರು ಹೇಳುವ ಸರ್ಟಿಫಿಕೇಟು ಸಿಕ್ಕುವಗ ಪ್ರಾಯ 45. ಅರಸನ ಶಿಫಾರಸು ಇವಕ್ಕೆ ಇತ್ತಿಲ್ಲೆ. ಮತ್ತೆ ನ್ಯೂಯಾರ್ಕಿನ ವಿಶ್ವವಿದ್ಯಾನಿಲಯಲ್ಲಿ ಕಲಿಶಿದವು, ಎಂಬತ್ತು ದಾಂಟಿದ ಮತ್ತೆಯೂ ಕಲಿಶಿಗೊಂಡೇ ಇತ್ತಿದ್ದವು.

ಇವೆಲ್ಲೋರ ಕತೆಲಿಯೂ ಮದಲು ಬೇನೆ, ಮತ್ತೆ ಕಲಿವದು, ಅದಾದ ಮತ್ತೆ ಕಲಿಶುದು. ಸ್ವಂತ ಮೈ ಬೇನೆ ತಿಂದೋರಿಂಗೆ ಇನ್ನೊಬ್ಬರ ಮೈ ಎಲ್ಲಿ ಹೆದರ್ತು ಹೇಳಿ ಬೇಗ ಗೊಂತಾವುತ್ತು. ಇಪ್ಪತ್ತರ ಕೂಸಿಂದ ನಲುವತ್ತಾರರೋರಿಂಗೆ ಇಲ್ಲಿ ರಜ ಹೆಚ್ಚೇ ಬಂಡವಾಳ ಇದ್ದು. ಬಗ್ಗಿ ಬಗ್ಗಿ ಅಡಕ್ಕೆ ಹೆರ್ಕಿ, ಕೂದು ಸೊಲುದು, ದನಗೊಕ್ಕೆ ಅಕ್ಕಚ್ಚು ಹೊತ್ತ ನಮ್ಮ ಸೊಂಟಂಗಳ ಕತೆ ಅಂತೋರಿಂಗೆ ವಿವರ್ಸಿ ಹೇಳೆಕ್ಕು ಹೇಳಿ ಇಲ್ಲೆ.

ಆದರೆ ಬೇನೆ ತಿಂದರೆ ಮಾಂತ್ರ ಟೀಚರು ಆವುತ್ತಿಲ್ಲೆ. ಪಿಲಾಟಿಸ್ ಹೇಳುದು ಯೋಗ, ಕರಾಟೆ ಹಾಂಗೆ ಎಲ್ಲೋರಿಂಗೂ ಸೇರಿದ ಹೆಸರು ಹೇಳಿ 2000ರಲ್ಲಿ ನ್ಯೂಯಾರ್ಕಿನ ಕೋರ್ಟು ತೀರ್ಪು ಕೊಟ್ಟತ್ತು. ಹಾಂಗಾಗಿ ಬೋರ್ಡು ಆರೂ ಹಾಕಲಕ್ಕು. ಕಲಿವೋರು ಜಾಗ್ರತೆ ಮಾಡೆಕ್ಕು. ಟೀಚರಿನ ಪ್ರಾಯ ಕೇಳೆಡಿ. ಎಲ್ಲಿ ಕಲ್ತದು, ಎಷ್ಟು ಗಂಟೆ ಕಲ್ತದು ಹೇಳಿ ಕೇಳಿ. ಚಾಪೆದು ಮಾಂತ್ರ ಆದರೆ ತರಬೇತಿ ಸಣ್ಣ. ರಿಫಾರ್ಮರ್ ಎಲ್ಲ ಸೇರಿದ ಪೂರ್ತಿ ತರಬೇತಿಗೆ 450 ಗಂಟೆ ಹೇಳುದು ಒಪ್ಪಿದ ಲೆಕ್ಕ. ಪಾಠ ಕೇಳುದು, ಸ್ವಂತ ಮಾಡುದು, ಬೇರೆಯೋರು ಕಲಿಶುದರ ಕೂದು ನೋಡುದು, ದೊಡ್ಡೋರ ಎದುರು ಕಲಿಶಿ ತೋರ್ಸುದು, ಎಲ್ಲವೂ ಅದರ್ಲಿ ಸೇರಿತ್ತು. ಎಲುಬು ಸವದೋರು, ಬೀಪಿ ಇಪ್ಪೋರು, ಆಪರೇಶನ್ ಆದೋರು ಡಾಕ್ಟ್ರ ಹತ್ರೆ ಕೇಳಿಕ್ಕಿಯೇ ಹೋಯೆಕ್ಕು.

ತಂಗೆದು ಪೂರ್ತಿ ತರಬೇತಿಯೇ. ಮದಲಾಣ ಸಂಬಳದ ಅರ್ಧವೂ ಈಗ ಬತ್ತಿಲ್ಲೆ, ಸಾಲದ ಕಂತು ಗೆಂಡನ ಸಂಬಳಲ್ಲಿ ಹೋವುತ್ತಾ ಇದ್ದು. ಚಿಕ್ಕಮ್ಮನ ಹೆದರಿಕೆಲಿ ಸತ್ಯ ಇಲ್ಲೆ ಹೇಳಿ ಆನು ಹೇಳೆ. ಆದರೆ ಪ್ರಾಯ ಆತು ಹೇಳುವ ಮಾತು ಮಾಂತ್ರ ಈ ಕೆಲಸಕ್ಕೆ ಹಿಡಿತ್ತಿಲ್ಲೆ. ನಮ್ಮೋರ ಒಳ ಇನ್ನೊಂದು ಅಭ್ಯಾಸ ಇದ್ದು: ನೆಂಟ್ರ ಪೈಕಿ ಹೇಳಿ ಧರ್ಮಕ್ಕೆ ಕಲಿಶುಲೆ ಹೇಳುದು. ಅದು ಬೇಡ ಅಕ್ಕಂದಿರೇ. ನಿಂಗಳ ಸೊಸೆಯಕ್ಕೊ ಆರಾರು ಅದರ ಹತ್ರೆ ಕಲಿವಲೆ ಹೋವುತ್ತರೆ ಫೀಸು ಕೊಡ್ಲೆ ಹೇಳಿ, ಚೌಕಾಶಿ ಮಾಡದ್ದೆ.