ನಿಕಾಹ್ ಮತ್ತು ವೀಸಾ: ಬ್ರಿಟನ್ನಿಗೆ ಹೋದ ವಧೂವರರ ಅರ್ಧ ಶತಮಾನ

ನಮ್ಮಲ್ಲಿ ಮದುವೆ ಮಾತುಕತೆ ಎಂದರೆ ಮನೆತನ, ಮಹರ್, ಹುಡುಗನ ಉದ್ಯೋಗ, ಹುಡುಗಿಯ ಓದು ಇಷ್ಟೇ ಎಂದು ಹಿರಿಯರು ಭಾವಿಸುತ್ತಾರೆ. ಹುಡುಗ ಅಥವಾ ಹುಡುಗಿ ಬೇರೆ ದೇಶದಲ್ಲಿ ನೆಲೆಸಿದವರಾದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಯಾವ ವೀಸಾದಲ್ಲಿ ಹೋಗುವುದು? ಇಲ್ಲಿ ನಿಕಾಹ್ ಮಾಡಿಕೊಂಡು ಹೋಗುವುದೇ, ಅಲ್ಲಿ ಹೋಗಿ ಮಾಡಿಕೊಳ್ಳುವುದೇ? ಗಲ್ಫಿನ ವಿಷಯ ನಮಗೆ ಗೊತ್ತು. ಗಂಡನ ನೌಕರಿ ಇರುವಷ್ಟು ದಿನ ಹೆಂಡತಿಗೆ ಫ್ಯಾಮಿಲಿ ವೀಸಾ, ನೌಕರಿ ಮುಗಿದರೆ ಊರಿಗೆ ವಾಪಸು. ಆದರೆ ಸಂಗಾತಿಯ ದೇಶಕ್ಕೇ ಹೋಗಿ ಶಾಶ್ವತವಾಗಿ ನೆಲೆಸುವ ವಿಷಯ ಬೇರೆಯೇ. ಇದರ ಕಷ್ಟಸುಖವನ್ನು ಚೆನ್ನಾಗಿ ತಿಳಿಸುವುದು ಬ್ರಿಟನ್ನಿನ ಇತಿಹಾಸ. ಪಂಜಾಬ್, ಗುಜರಾತ್, ಮೀರ್‌ಪುರ, ಸಿಲ್ಹೆಟ್ ಕಡೆಯ ಸಾವಿರಾರು ಕುಟುಂಬಗಳು ಈ ದಾರಿಯಲ್ಲಿ ನಡೆದಿವೆ.

ಬಾಗಿಲು ತೆರೆದಿದ್ದ ಕಾಲ

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯಂತೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿಗೆ ಹೋಗಿ ದುಡಿಯಲು ಅಡ್ಡಿಯಿರಲಿಲ್ಲ. ಯುದ್ಧದ ನಂತರ ಅಲ್ಲಿನ ಬಟ್ಟೆ ಗಿರಣಿಗಳಿಗೂ ಎರಕದ ಕಾರ್ಖಾನೆಗಳಿಗೂ ಕೈಗಳು ಬೇಕಾಗಿದ್ದವು. ಹೋದವರಲ್ಲಿ ಹೆಚ್ಚಿನವರು ಗಂಡಸರು. ಕೆಲವು ವರ್ಷ ದುಡಿದು ಊರಿಗೆ ಮರಳುವುದೆಂದೇ ಅವರ ಲೆಕ್ಕವಾಗಿತ್ತು.

1962ರ ಕಾಮನ್‌ವೆಲ್ತ್ ವಲಸೆ ಕಾಯಿದೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ದುಡಿಯಲು ಬರುವವರಿಗೆ ವೋಚರ್ ಕಡ್ಡಾಯವಾಯಿತು. ಒಮ್ಮೆ ಊರಿಗೆ ಹೋದರೆ ಮತ್ತೆ ಬಿಡುತ್ತಾರೋ ಇಲ್ಲವೋ ಎಂಬ ಭಯ ಹುಟ್ಟಿತು. ಆದರೆ ಅಲ್ಲಿ ನೆಲೆಸಿದವರ ಹೆಂಡತಿ ಮಕ್ಕಳು ಬರುವುದಕ್ಕೆ ಅವಕಾಶ ಉಳಿದಿತ್ತು. ಹೀಗಾಗಿ ಗಂಡಸರು ತಾವು ಮರಳುವ ಬದಲು ಕುಟುಂಬವನ್ನೇ ಕರೆಸಿಕೊಂಡರು. ವಲಸೆ ತಡೆಯಲು ತಂದ ಕಾಯಿದೆಯೇ ತಾತ್ಕಾಲಿಕ ಕೆಲಸಗಾರರನ್ನು ಖಾಯಂ ನಿವಾಸಿಗಳನ್ನಾಗಿ ಮಾಡಿತು.

1969ರಲ್ಲಿ ಇನ್ನೊಂದು ಬಿಗಿ ಬಂತು. ಹೆಂಡತಿ ಮಕ್ಕಳು ಹೊರಡುವ ಮೊದಲೇ ತಮ್ಮ ದೇಶದಲ್ಲಿರುವ ಬ್ರಿಟಿಷ್ ಕಚೇರಿಯಿಂದ ಪ್ರವೇಶಪತ್ರ ಪಡೆಯಬೇಕೆಂದಾಯಿತು. ಜನನ ನೋಂದಣಿಯಾಗಲಿ, ಮದುವೆ ನೋಂದಣಿಯಾಗಲಿ ಇಲ್ಲದ ಹಳ್ಳಿಯವರು ಸಂದರ್ಶನಗಳನ್ನು ಎದುರಿಸಬೇಕಾಯಿತು. ಗಂಡನ ಉತ್ತರಕ್ಕೂ ಹೆಂಡತಿಯ ಉತ್ತರಕ್ಕೂ ತಾಳೆಯಾಗದಿದ್ದರೆ ಸಂಬಂಧವೇ ಸುಳ್ಳೆಂದು ಅರ್ಜಿ ತಿರಸ್ಕಾರವಾಗುತ್ತಿತ್ತು.

ಎರಡು ದಾರಿ, ಒಂದು ಅವಮಾನ

ಈ ಕಾಲದಲ್ಲಿ ವಧುವಿನ ಮುಂದೆ ಎರಡು ದಾರಿಗಳಿದ್ದವು. ಮದುವೆಯಾಗಿ ಪತ್ನಿಯಾಗಿ ಹೋಗಬೇಕಾದರೆ ಪ್ರವೇಶಪತ್ರಕ್ಕಾಗಿ ದೀರ್ಘಕಾಲ ಕಾಯಬೇಕು. ನಿಶ್ಚಿತಾರ್ಥವಾದ ಹುಡುಗಿಯಾಗಿ ಹೋಗುವುದಾದರೆ ಆ ಪತ್ರ ಬೇಕಿರಲಿಲ್ಲ, ಮೂರು ತಿಂಗಳೊಳಗೆ ಅಲ್ಲಿ ಮದುವೆಯಾದರೆ ಸಾಕಿತ್ತು. ಎರಡನೆಯದು ಹತ್ತಿರದ ದಾರಿ. ಆದರೆ ಅದರ ಮೇಲೆ ಅಧಿಕಾರಿಗಳ ಸಂಶಯದ ಕಣ್ಣಿತ್ತು.

1979ರ ಜನವರಿಯಲ್ಲಿ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು ತಮ್ಮ ಭಾವೀ ಪತಿಯನ್ನು ಮದುವೆಯಾಗಲು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದರು. ಇವರಿಗೆ ಈಗಾಗಲೇ ಮದುವೆಯಾಗಿರಬಹುದೆಂದು ಅಧಿಕಾರಿಗೆ ಅನುಮಾನ ಬಂತು. ಅದನ್ನು ಪರೀಕ್ಷಿಸಲು ವೈದ್ಯರಿಂದ ಕನ್ಯತ್ವ ಪರೀಕ್ಷೆ ಮಾಡಿಸಲಾಯಿತು. ಫೆಬ್ರವರಿಯಲ್ಲಿ ಗಾರ್ಡಿಯನ್ ಪತ್ರಿಕೆ ಇದನ್ನು ಬಯಲಿಗೆಳೆದಾಗ ಭಾರತ ಸರ್ಕಾರ ಪ್ರತಿಭಟಿಸಿತು, ಗೃಹಸಚಿವ ಮರ್ಲಿನ್ ರೀಸ್ ಈ ಪದ್ಧತಿಯನ್ನು ನಿಲ್ಲಿಸಿದರು. ಇದು ಬಿಡಿ ಘಟನೆ ಎಂದು ಅಂದು ಸಮಜಾಯಿಷಿ ಕೊಡಲಾಗಿತ್ತು. ಆದರೆ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಹಳೆಯ ಸರ್ಕಾರಿ ಕಡತಗಳನ್ನು ತೆಗೆದು, ಕನಿಷ್ಠ 80 ಮಹಿಳೆಯರು ಇಂಥ ಪರೀಕ್ಷೆಗೆ ಗುರಿಯಾಗಿದ್ದರೆಂದು 2011ರಲ್ಲಿ ತೋರಿಸಿಕೊಟ್ಟರು. ಅರ್ಜಿಯಲ್ಲಿ 'ಪತ್ನಿ' ಎಂದಿದೆಯೋ 'ನಿಶ್ಚಿತ ವಧು' ಎಂದಿದೆಯೋ ಎಂಬ ಒಂದು ಪದದ ವ್ಯತ್ಯಾಸಕ್ಕೆ ಹೆಣ್ಣಿನ ಮಾನ ಪಣವಾಯಿತು.

ಅಳಿಯನ ಮೇಲೆ ಸಂಶಯ

ಗಂಡಸರ ಕಥೆ ಇನ್ನೊಂದು ಬಗೆಯದು. ಬ್ರಿಟನ್ನಿನಲ್ಲಿ ಬೆಳೆದ ಹೆಣ್ಣುಮಕ್ಕಳು ಊರಿನ ಹುಡುಗನನ್ನು ಮದುವೆಯಾಗಿ ಕರೆಸಿಕೊಳ್ಳುವುದನ್ನು 1969ರಲ್ಲಿ ಬಹುಮಟ್ಟಿಗೆ ನಿಲ್ಲಿಸಲಾಯಿತು. ಪ್ರತಿಭಟನೆಗಳ ನಂತರ 1974ರಲ್ಲಿ ಮತ್ತೆ ಅವಕಾಶ ಸಿಕ್ಕಿತು. 1980ರಲ್ಲಿ ಬಾಗಿಲು ಮತ್ತೆ ಬಿಗಿಯಾಯಿತು. ಆಗ ಬಂದದ್ದೇ 'ಮುಖ್ಯ ಉದ್ದೇಶ' ಎಂಬ ನಿಯಮ. ಬ್ರಿಟನ್ನಿಗೆ ಬರುವುದು ಈ ಮದುವೆಯ ಮುಖ್ಯ ಉದ್ದೇಶ ಆಗಿರಬಾರದು ಎಂಬುದು ಅದರ ಸಾರ. 1983ರ ನಂತರ ಇದನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರನ ಮೇಲೆಯೇ ಬಿತ್ತು. ಮನಸ್ಸಿನಲ್ಲಿ ಒಂದು ಉದ್ದೇಶ ಇಲ್ಲ ಎಂಬುದನ್ನು ಯಾರಾದರೂ ಹೇಗೆ ಸಾಬೀತು ಮಾಡಬೇಕು?

ಇಲ್ಲಿ ನಮ್ಮ ರೂಢಿಯೇ ನಮಗೆ ಎದುರು ಸಾಕ್ಷಿಯಾಯಿತು. "ನಿಮ್ಮಲ್ಲಿ ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗುವುದಲ್ಲವೇ? ನೀನೇಕೆ ಹೆಂಡತಿಯ ದೇಶಕ್ಕೆ ಹೊರಟೆ?" ಎಂಬ ರೀತಿಯಲ್ಲಿ ಅಧಿಕಾರಿಗಳು ವಾದಿಸುತ್ತಿದ್ದರು. ಮದುವೆ ನಿಜ, ಮಕ್ಕಳಾಗಿರುವುದೂ ನಿಜ, ಆದರೂ ಉದ್ದೇಶ ಸರಿಯಿಲ್ಲ ಎಂದು ವೀಸಾ ನಿರಾಕರಿಸಿದ ಪ್ರಕರಣಗಳಿದ್ದವು. ಈ ನಿಯಮವನ್ನು ಹೊಸ ಲೇಬರ್ ಸರ್ಕಾರ 1997ರ ಜೂನ್‌ನಲ್ಲಿ ರದ್ದುಪಡಿಸಿತು. ಅಷ್ಟರಲ್ಲಿ ಹದಿನೇಳು ವರ್ಷಗಳು ಕಳೆದಿದ್ದವು.

ಗೆದ್ದೂ ಸೋತ ಮೊಕದ್ದಮೆ

ಗಂಡಸು ಹೆಂಡತಿಯನ್ನು ಕರೆಸಿಕೊಳ್ಳಬಹುದು, ಹೆಂಗಸು ಗಂಡನನ್ನು ಕರೆಸಿಕೊಳ್ಳಬಾರದು ಎಂಬ ಈ ತಾರತಮ್ಯವನ್ನು ಮೂವರು ಮಹಿಳೆಯರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಒಯ್ದರು. ಅವರಲ್ಲೊಬ್ಬರು ನರ್ಗಿಸ್ ಅಬ್ದುಲ್ ಅಝೀಝ್, ಭಾರತೀಯ ಮೂಲದವರು. ಅವರ ಪತಿ ಪೋರ್ಚುಗಲ್ ಪ್ರಜೆ, ಹುಟ್ಟಿದ್ದು ನಮ್ಮ ದಮನ್‌ನಲ್ಲಿ. 1985ರ ಮೇ 28ರಂದು ತೀರ್ಪು ಬಂತು. ದಂಪತಿಗಳು ಯಾವ ದೇಶದಲ್ಲಿ ಸಂಸಾರ ಹೂಡಬೇಕೆಂದು ಬಯಸುತ್ತಾರೋ ಅದನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ, ಆದರೆ ಗಂಡು ಹೆಣ್ಣೆಂಬ ಭೇದ ಮಾಡಿದ್ದು ತಪ್ಪು ಎಂದು ನ್ಯಾಯಾಲಯ ಹೇಳಿತು.

ಸರ್ಕಾರ ಭೇದವನ್ನೇನೋ ತೆಗೆಯಿತು. ಹೇಗೆ? ಗಂಡಂದಿರಿಗೆ ನಿಯಮ ಸಡಿಲಿಸಲಿಲ್ಲ, ಅದೇ 'ಮುಖ್ಯ ಉದ್ದೇಶ'ದ ಪರೀಕ್ಷೆಯನ್ನು ಹೆಂಡತಿಯರಿಗೂ ಹೊರಿಸಿತು! ಸಮಾನತೆ ಬಂತು, ಸೌಲಭ್ಯ ಬರಲಿಲ್ಲ. ಕಾನೂನು ಓದುವ ವಿದ್ಯಾರ್ಥಿಗಳು ಈ ಪಾಠವನ್ನು ನೆನಪಿಡಬೇಕು. ಹಕ್ಕನ್ನು ಕೇಳುವಾಗ ಏನನ್ನು ಕೇಳುತ್ತಿದ್ದೇವೆ ಎಂಬುದೂ ಮುಖ್ಯ.

ಮೂರನೆಯ ದಾರಿ

ಇನ್ನೊಂದು ದಾರಿಗೆ ಒಬ್ಬ ಭಾರತೀಯನ ಹೆಸರೇ ನಿಂತಿತು. ಸುರಿಂದರ್ ಸಿಂಗ್ 1982ರಲ್ಲಿ ಬ್ರ್ಯಾಡ್‌ಫರ್ಡ್‌ನಲ್ಲಿ ಬ್ರಿಟಿಷ್ ಮಹಿಳೆಯನ್ನು ಮದುವೆಯಾದರು. ದಂಪತಿಗಳು 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು ಮರಳಿದರು. ಯುರೋಪಿನ ಇನ್ನೊಂದು ದೇಶದಲ್ಲಿ ದುಡಿದು ಬಂದ ಪ್ರಜೆಗೆ ತನ್ನ ಸಂಗಾತಿಯನ್ನು ಜೊತೆಗೆ ಕರೆತರುವ ಹಕ್ಕು ಯುರೋಪಿನ ಕಾನೂನಿನಲ್ಲಿದೆ ಎಂದು 1992ರಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಪಿತ್ತಿತು. ಮುಂದೆ ಅನೇಕರು ಐರ್ಲೆಂಡ್ ಮೊದಲಾದ ದೇಶಗಳಲ್ಲಿ ಕೆಲಕಾಲ ದುಡಿದು ಈ ದಾರಿ ಹಿಡಿದರು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದು, 2020ರ ಕೊನೆಗೆ ಮುಕ್ತ ಸಂಚಾರ ಮುಗಿದ ಮೇಲೆ ಹೊಸಬರಿಗೆ ಇದು ಮುಚ್ಚಿತು.

ಸಂಶಯದಿಂದ ಸಂಬಳಕ್ಕೆ

ಹೊಸ ಶತಮಾನದಲ್ಲಿ ಅಳತೆಗೋಲು ಬದಲಾಯಿತು. 2008ರಲ್ಲಿ ಸಂಗಾತಿ ವೀಸಾಕ್ಕೆ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದರು. ಬಲವಂತದ ಮದುವೆ ತಡೆಯಲು ಎಂದರು. ಸ್ವಇಚ್ಛೆಯಿಂದ ಮದುವೆಯಾದ ಎಳೆಯ ದಂಪತಿಗಳಿಗೆ ಇದರಿಂದ ಅನ್ಯಾಯವೆಂದು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ಇಂಗ್ಲಿಷ್ ಪರೀಕ್ಷೆ ಕಡ್ಡಾಯವಾಯಿತು. 2012ರ ಜುಲೈಯಿಂದ, ಕರೆಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯವಿರಬೇಕೆಂಬ ನಿಯಮ ಬಂತು. 2024ರ ಏಪ್ರಿಲ್‌ನಲ್ಲಿ ಅದು 29,000 ಪೌಂಡ್‌ಗೆ ಏರಿತು. ಹಿಂದೆ ಪ್ರೀತಿ ನಿಜವೇ ಎಂದು ಕೇಳುತ್ತಿದ್ದರು, ಈಗ ಸಂಬಳದ ಚೀಟಿ ಎಲ್ಲಿ ಎನ್ನುತ್ತಾರೆ.

ಹೆಂಡತಿಯಾಗಿ ಹೋದವಳಿಗೆ ಇನ್ನೊಂದು ಆತಂಕವಿತ್ತು. ಮೊದಲ ಅವಧಿಯಲ್ಲಿ ಮದುವೆ ಮುರಿದರೆ ವೀಸಾವೂ ಹೋಗುತ್ತಿತ್ತು. ಹೊಡೆತ ತಿಂದರೂ ಗಡೀಪಾರಿನ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದವರು ಎಷ್ಟೋ. ಈ ಕಾಯುವ ಅವಧಿ 2003ರಲ್ಲಿ ಒಂದು ವರ್ಷದಿಂದ ಎರಡಕ್ಕೆ, 2012ರಲ್ಲಿ ಐದಕ್ಕೆ ಏರಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆಯ ದೀರ್ಘ ಹೋರಾಟದ ಫಲವಾಗಿ, ಹಿಂಸೆಗೊಳಗಾದ ಪತ್ನಿಯರು ಅಲ್ಲಿಯೇ ಉಳಿಯಲು 1999ರಲ್ಲಿ ಮೊದಲ ರಿಯಾಯಿತಿ ದೊರೆಯಿತು.

ನಮಗೇನು ಪಾಠ?

ಇಂದೂ ಮುಖ್ಯ ದಾರಿಗಳು ಆ ಎರಡೇ. ಇಲ್ಲಿ ಕಾನೂನುಬದ್ಧವಾಗಿ ಮದುವೆಯಾದವರು ಸಂಗಾತಿ ವೀಸಾದಲ್ಲಿ ಹೋಗುತ್ತಾರೆ. ಹೋದ ಮೇಲೆ ಉದ್ಯೋಗ ಮಾಡಬಹುದು. ನಿಶ್ಚಿತಾರ್ಥದ ವೀಸಾದಲ್ಲಿ ಹೋದವರು ಆರು ತಿಂಗಳೊಳಗೆ ಮದುವೆಯಾಗಬೇಕು, ಆವರೆಗೆ ದುಡಿಯುವಂತಿಲ್ಲ, ನಂತರ ಮತ್ತೊಮ್ಮೆ ಅರ್ಜಿ, ಮತ್ತೊಮ್ಮೆ ಶುಲ್ಕ. ಸಂದರ್ಶಕ ವೀಸಾದಲ್ಲಿ ಹೋಗಿ ಅಲ್ಲಿಯೇ ಸಂಗಾತಿ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನಂಬಬಾರದು. ಮನೆಯಲ್ಲೋ ಮಸೀದಿಯಲ್ಲೋ ಮಾಡಿದ ನಿಕಾಹ್ ಮಾತ್ರದಿಂದ ಬ್ರಿಟನ್ನಿನಲ್ಲಿ ಮದುವೆ ಕಾನೂನುಬದ್ಧವಾಗುವುದಿಲ್ಲ ಎಂಬುದನ್ನೂ 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸ್ಪಷ್ಟಪಡಿಸಿದೆ. ಅಲ್ಲಿ ಮದುವೆಯಾಗುವವರು ಸರ್ಕಾರಿ ನೋಂದಣಿಯನ್ನೂ ಮಾಡಿಸಲೇಬೇಕು. ಇಲ್ಲದಿದ್ದರೆ ನಷ್ಟ ಹೆಣ್ಣಿಗೇ.

ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಬೇಕೆಂಬುದು ನಮ್ಮ ಧರ್ಮದ ನಿಯಮ. ತಾನು ಯಾವ ವೀಸಾದಲ್ಲಿ ಹೋಗುತ್ತಿದ್ದೇನೆ, ಅದರಲ್ಲಿ ತನಗೆ ಯಾವ ಹಕ್ಕಿದೆ, ಸಂಬಂಧ ಕೆಟ್ಟರೆ ಎಲ್ಲಿಗೆ ಹೋಗಬಹುದು ಎಂಬುದು ತಿಳಿಯದೆ ಕೊಟ್ಟ ಒಪ್ಪಿಗೆ ಪೂರ್ಣವಾದ ಒಪ್ಪಿಗೆಯೇ? ವಿದೇಶದ ಸಂಬಂಧ ಬಂದಾಗ ಹಿರಿಯರು ಹುಡುಗಿಯ ಕೈಗೆ ಅರ್ಜಿಯ ಪ್ರತಿ ಕೊಟ್ಟು ಓದಿಸಲಿ. ಓದಿ ಅರ್ಥಮಾಡಿಕೊಳ್ಳುವಷ್ಟು ಶಿಕ್ಷಣ ಅವಳಿಗೆ ಮೊದಲೇ ದೊರೆತಿರಲಿ. ಹೀಥ್ರೂವಿನಲ್ಲಿ ಅವಮಾನ ಉಂಡ ಆ ಶಿಕ್ಷಕಿ ವಿಷಯವನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಆ ಪದ್ಧತಿ ನಿಂತಿತು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮರೆಯದಿರಲಿ.